ಒಣಬಾಯಿಗೆ ‘ಕೃತಕ ಜೊಲ್ಲು’: ಊಟ ಇಳಿಯುತ್ತೆ, ಹುಳುಕು ನಿಲ್ಲಲ್ಲ

ಮೈಸೂರು, ಮಂಡ್ಯದ ಮೆಡಿಕಲ್ ಶಾಪುಗಳಲ್ಲಿ ಒಣಬಾಯಿಗೆ ಕೇಳಿ ಪಡೆಯುವ ‘ಕೃತಕ ಜೊಲ್ಲಿನ’ ಬಾಟಲಿಯಲ್ಲಿ ಮುಖ್ಯವಾಗಿ ಎರಡೇ ಸಾಮಾನು: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಲೋಳೆ, ಜೊತೆಗೆ ಗ್ಲಿಸರಿನ್. ಲೋಳೆ ಜಾರಿಸುತ್ತೆ, ಗ್ಲಿಸರಿನ್ ತೇವ ಹಿಡಿದಿಡುತ್ತೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಓಲಾಂಜಪಿನ್, ಅಂಥ ಮಾತ್ರೆಯಿಂದ ಬರುವ ಕೈನಡುಕ-ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುವವರಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಳದಂತಾಗುವುದುಂಟು. ಈ ಬಾಟಲಿ ಅಂಥವರಿಗೆ. ತೀವ್ರ ಮಾನಸಿಕ ಕಾಯಿಲೆಗೇ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರ ತೊಂದರೆ ಸಾಮಾನ್ಯವಾಗಿ ಉಲ್ಟಾ, ರಾತ್ರಿ ದಿಂಬು ನೆನೆಯುವಷ್ಟು ಜೊಲ್ಲು. ಅವರಿಗೆ ಇದು ಬೇಡ.

ಊಟದ ವಿಷಯದಲ್ಲಿ ಇದಕ್ಕೆ ಒಳ್ಳೆ ಅಂಕ ಕೊಡಬಹುದು. ಮುದ್ದೆ ಹೇಗೂ ಅಗಿಯದೆ ನುಂಗುವ ಪದಾರ್ಥ, ಬಸ್ಸಾರಿನಲ್ಲಿ ಅದ್ದಿದರೆ ಒಣಬಾಯಲ್ಲೂ ಇಳಿಯುತ್ತೆ. ಸಿಕ್ಕಿಹಾಕಿಕೊಳ್ಳುವುದು ಚಪಾತಿ, ಪುರಿ, ಬಿಸ್ಕತ್ತು. ಊಟಕ್ಕೆ ಕೂರುವ ಮುಂಚೆ ಅರ್ಧ ಟೀ ಚಮಚ, ಅಂದರೆ ಎರಡೂವರೆ ಮಿ.ಲೀ.ನಷ್ಟು, ಬಾಯಿಗೆ ಹಾಕಿ ನಾಲಿಗೆಯ ಕೆಳಗೂ ಎರಡೂ ಕೆನ್ನೆಯ ಒಳಗೂ ಆಡಿಸಿ ಉಗಿಯಬೇಕು. ಹಲ್ಲಿನ ಸೆಟ್ಟು ಹಾಕುವವರು ಸೆಟ್ಟಿನ ಒಳಮೈಗೂ ಸವರಿಕೊಳ್ಳಲಿ. ಒಣ ವಸಡಿನ ಮೇಲೆ ಅದು ಕೂರದೆ ಉಜ್ಜಿ ಹುಣ್ಣಾಗುತ್ತೆ. ಮಲಗುವಾಗ ಇನ್ನೊಮ್ಮೆ. ದೊಡ್ಡ ಕೊರತೆ ಎಂದರೆ ಪರಿಣಾಮ ಬೇಗ ಇಳಿಯುತ್ತೆ, ಮಧ್ಯರಾತ್ರಿ ಮತ್ತೆ ಬಾಯಿ ಒಣಗುತ್ತೆ. ಪಕ್ಕದಲ್ಲಿ ನೀರು ಇರಲೇಬೇಕು.

ಬಾಯಿಯ ತೊಂದರೆ ಬದುಕನ್ನು ಎಷ್ಟು ಕಾಡುತ್ತದೆಂದು ಅಳೆಯುವ ಒಎಚ್‌ಐಪಿ-14 ಪ್ರಶ್ನಾವಳಿಯಲ್ಲಿ ಊಟ ಅರ್ಧಕ್ಕೆ ಬಿಡಬೇಕಾಯಿತೇ, ಪದ ಉಚ್ಚರಿಸಲು ಕಷ್ಟವಾಯಿತೇ, ಮುಜುಗರವಾಯಿತೇ ಎಂಬ ಪ್ರಶ್ನೆಗಳಿವೆ. ಬಾಟಲಿ ಗೆಲ್ಲುವುದು ಇಲ್ಲಿ. ಹಲ್ಲು ಉಳಿಸುವ ವಿಷಯದಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ನಿಜವಾದ ಜೊಲ್ಲು ಆಮ್ಲ ತಗ್ಗಿಸಿ ಹಲ್ಲಿಗೆ ಕ್ಯಾಲ್ಸಿಯಂ ತಿರುಗಿ ಕೊಡುತ್ತೆ. ಬರೀ ಲೋಳೆ-ಗ್ಲಿಸರಿನ್‌ನಿಂದ ಅದಾಗಲ್ಲ. ಹಾಗಾಗಿ ವಸಡಿನ ಅಂಚಿನಲ್ಲಿ, ಹಲ್ಲಿನ ಬುಡಕ್ಕೇ ಹುಳುಕು ಹಿಡಿಯುತ್ತೆ. 2015ರಲ್ಲಿ ಪ್ರಕಟವಾದ ಅಧ್ಯಯನಗಳ ಒಟ್ಟು ವಿಶ್ಲೇಷಣೆಯೊಂದರ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯವರು ಎಲ್ಲಾ ಹಲ್ಲು ಕಳೆದುಕೊಳ್ಳುವ ಸಾಧ್ಯತೆ ಉಳಿದವರಿಗಿಂತ 2.8 ಪಟ್ಟು.

ಆದ್ದರಿಂದ ಬಾಟಲಿಗೆ ದುಡ್ಡು ಹಾಕುವ ಮೊದಲು ಪೇಸ್ಟ್ ಟ್ಯೂಬಿನ ಹಿಂಬದಿ ಓದಿ. ಸೋಡಿಯಂ ಮೊನೊಫ್ಲೂರೊಫಾಸ್ಫೇಟ್ 0.76% ಎಂದಿದ್ದರೆ ಹುಳುಕು ತಡೆಯುವ ಫ್ಲೋರೈಡ್ ಸುಮಾರು 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಇದೆ ಎಂದರ್ಥ. ಎಷ್ಟೋ ಗಿಡಮೂಲಿಕೆ ಪೇಸ್ಟುಗಳಲ್ಲಿ ಇದು ಇರುವುದೇ ಇಲ್ಲ. ಉಜ್ಜಿ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಖಿನ್ನತೆ ಜೋರಿರುವ ದಿನಗಳಲ್ಲಿ ಎರಡು ಹೊತ್ತು ಆಗದಿದ್ದರೆ ರಾತ್ರಿಯದನ್ನಾದರೂ ಬಿಡಬಾರದು. ಬಚ್ಚಲಿಗೆ ಏಳಲಾಗದವರಿಗೆ ಮಂಚದ ಬಳಿಯೇ ಬ್ರಷ್ಷು, ಉಗಿಯಲು ಒಂದು ಲೋಟ ಕೊಟ್ಟರಾಯಿತು. ಬಾಯಾರಿತೆಂದು ಗಂಟೆಗೊಮ್ಮೆ ಸಕ್ಕರೆ ಟೀ, ಕಬ್ಬಿನ ಹಾಲು, ನಿಂಬೆ ಪೆಪ್ಪರ್‌ಮೆಂಟ್ ಅಂತ ಹೋದರೆ ಯಾವ ಬಾಟಲಿಯೂ ಕಾಯಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯನ್ನು ಇನ್ನಷ್ಟು ಒಣಗಿಸುತ್ತೆ.

ಮನಸ್ಥಿತಿಯ ಏರುಪೇರಿಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಹಲ್ಲುನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅನ್ನು ತಾವಾಗೇ ನುಂಗಬಾರದು, ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಟಿ ಜೊತೆಗಿರಲಿ. ಟ್ರೈಹೆಕ್ಸಿಫೆನಿಡಿಲ್ ಇನ್ನೂ ಬೇಕೇ, ಡೋಸ್ ಇಳಿಸಬಹುದೇ ಎಂದು ಮನೋವೈದ್ಯರನ್ನೇ ಕೇಳಿ, ನೀವಾಗೇ ನಿಲ್ಲಿಸಬೇಡಿ. ಅದು ಇಳಿದರೆ ಬಾಟಲಿಯ ಅಗತ್ಯವೂ ಕಡಿಮೆಯಾಗಬಹುದು.