ಇಬ್ಬರೂ ಥಲಸ್ಸೀಮಿಯಾ ವಾಹಕರಾದರೆ: ಬಸಿರಿನಲ್ಲಿ ಪರೀಕ್ಷೆಯೋ, ಐವಿಎಫ್ ದಾರಿಯೋ?

ಬೀಟಾ ಥಲಸ್ಸೀಮಿಯಾ ತಂದೆ ತಾಯಿಯಿಂದ ಮಗುವಿಗೆ ಬರುವ ರಕ್ತದ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ಇದರ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ದೋಷವಿರುವ ಜೀನ್ ಹೊತ್ತವರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿದೆ ಅಂತ ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಮೊದಲ ದಾರಿ ಸಿವಿಎಸ್ ಎಂಬ, ಬಸಿರಿನಲ್ಲೇ ಮಾಡುವ ಪರೀಕ್ಷೆ. ಸಹಜವಾಗಿ ಬಸಿರಾದ ಮೇಲೆ, 11ರಿಂದ 13ನೇ ವಾರದ ಹೊತ್ತಿಗೆ ಮಾಸಿನ ಚಿಕ್ಕ ಚೂರು ತೆಗೆದು ಡಿಎನ್‌ಎ ನೋಡುತ್ತಾರೆ. ಖರ್ಚು ಐವಿಎಫ್‌ಗಿಂತ (ದೇಹದ ಹೊರಗೆ, ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ವಿಧಾನ) ತುಂಬಾ ಕಡಿಮೆ. ಗರ್ಭ ಹೋಗುವ ಸಣ್ಣ ಅಪಾಯವಿದೆ. ನಿಜವಾದ ಕಷ್ಟ ವರದಿ ಬಂದ ಮೇಲೆ. ಮಗುವಿಗೆ ಕಾಯಿಲೆ ಇದೆ ಎಂದರೆ ಬಸಿರು ಉಳಿಸಿಕೊಳ್ಳಬೇಕೇ? ನಮ್ಮ ಕಾನೂನಿನಲ್ಲಿ ಗರ್ಭಪಾತಕ್ಕೆ ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು. ಗಂಡ, ಅತ್ತೆ ಸಹಿ ಹಾಕಬೇಕಿಲ್ಲ. ಇದನ್ನು ಮನೆಯವರೆಲ್ಲ ಮೊದಲೇ ತಿಳಿದಿರಬೇಕು, ಅಲ್ವಾ?

ಐವಿಎಫ್ ದಾರಿಯಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲೇ ಪರೀಕ್ಷೆ. ಗರ್ಭಪಾತದ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಲಕ್ಷಗಟ್ಟಲೆ ಹಣ, ದಿನಾ ಇಂಜೆಕ್ಷನ್, ಕೊನೆಗೆ ಬಸಿರು ನಿಲ್ಲದಿರಲೂಬಹುದು. ನಿಂತರೂ ಖಾತ್ರಿಗೆ ಸಿವಿಎಸ್ ಸಲಹೆ ಮಾಡುತ್ತಾರೆ. ಉಳಿದ ಭ್ರೂಣಗಳನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ.

ಹುಟ್ಟಿದ ಮೇಲೆ ಜೀನ್ ಚಿಕಿತ್ಸೆ ಕೊಡಿಸೋಣ ಎನ್ನುವವರಿಗೆ ಒಂದು ಮಾತು. 2023ರಲ್ಲಿ ಬ್ರಿಟನ್ ಒಪ್ಪಿದ ಕ್ಯಾಸ್ಜೆವಿ ಎಂಬ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್ ಬೆಲೆ ಇಟ್ಟಿದ್ದಾರೆ. ಅದನ್ನು ನಂಬಿ ಕೂರಬೇಡಿ.

ಗರ್ಭಪಾತ ಮನಸ್ಸಿಗೆ ಒಪ್ಪದು, ಹಣಕ್ಕೆ ದಾರಿಯಿದೆ ಎಂದಾದರೆ ನಾನು ಐವಿಎಫ್ ಎನ್ನುತ್ತೇನೆ. ಇಲ್ಲದಿದ್ದರೆ ಸಿವಿಎಸ್. ಯಾವುದಕ್ಕೂ ಮೊದಲು ಜೆನೆಟಿಕ್ ಕೌನ್ಸೆಲರ್ (ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ತಜ್ಞರು) ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ.