ಕೈಯಲ್ಲಿ ಊದಿದ ಹಳೆ ಗಾಜಿಗೆ 365 ಯುವಿ ಟಾರ್ಚ್: ಎಲ್ಲಿ ನಂಬಬಹುದು, ಎಲ್ಲಿ ಕೂಡದು

ಕೊಡಗಿನ ತೋಟದ ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗ ಎಲ್ಲರ ಕಣ್ಣೂ ಬೀಟೆ ಮರದ ಮೇಜು, ಹಿತ್ತಾಳೆಯ ಮೇಲೆ. ಗಾಜಿನ ಹೂದಾನಿ, ಪೇಪರ್‌ವೇಟ್‌ಗಳಿಗೆ ‘ಫಾರಿನ್ ಗಾಜು’ ಅನ್ನುವ ಒಂದೇ ಮಾತಿನ ಮೇಲೆ ಬೆಲೆ ಕಟ್ಟುತ್ತಾರೆ. ಅಂಥ ಕಡೆ ಹೋಗುವಾಗ ಕಾನ್ವಾಯ್ ಎಸ್2 ಪ್ಲಸ್‌ನ 365 ನ್ಯಾನೋಮೀಟರ್ ಅಲೆಯುದ್ದದ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಜೇಬಿನಲ್ಲಿರಲಿ. ಈ ಬೆಳಕಿನಲ್ಲಿ ಕೆಲವು ಗಾಜು, ಅಂಟು, ಕಾಗದ ತಾವಾಗಿ ಹೊಳೆಯುತ್ತವೆ. ಒಂದು ರೀಚಾರ್ಜ್ ಮಾಡುವ 18650 ಲಿಥಿಯಂ ಸೆಲ್‌ನಲ್ಲಿ ಓಡುತ್ತದೆ, ಅಂಗೈಯಲ್ಲಿ ಹಿಡಿಯುತ್ತದೆ.

ಕೊಳ್ಳುವಾಗ ಮುಂದೆ ಝಡ್‌ಡಬ್ಲ್ಯೂಬಿ2 ಎಂಬ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಕಪ್ಪು ಫಿಲ್ಟರ್ ಇದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ಅಗ್ಗದ 395 ನ್ಯಾನೋಮೀಟರ್ ಟಾರ್ಚ್ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಚೆಲ್ಲುತ್ತದೆ. ಯುರೇನಿಯಂ ಬೆರೆಸಿದ ಗಾಜಿನ ಕಡು ಹಸಿರು ಅದರಲ್ಲೂ ಎದ್ದು ಕಾಣುತ್ತದೆ, ಆದರೆ ಮ್ಯಾಂಗನೀಸ್ ಬೆರೆತ ಗಾಜಿನ ತಿಳಿ ಹಸಿರು, ಮುರಿದ ಗಾಜನ್ನು ಕೂಡಿಸಿದ ಅಂಟಿನ ಮಂಕು ಹೊಳಪು ಆ ನೇರಳೆಯಲ್ಲೇ ಮುಳುಗಿಹೋಗುತ್ತವೆ. ನಮಗೆ ಮುಖ್ಯವಾಗಿ ಬೇಕಾದದ್ದು ಈ ಅಂಟು.

ಮೊದಲು ತೊಳೆಯಿರಿ. ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳುಪುಕಾರಕ ಯುವಿ ಬೆಳಕಿನಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತದೆ. ಬಟ್ಟೆಯ ನಾರೂ ಅಷ್ಟೆ. ಇವೆರಡನ್ನೂ ಅಂಟು ಎಂದುಕೊಂಡು ಒಳ್ಳೆಯ ವಸ್ತು ಬಿಟ್ಟುಬಂದವರಿದ್ದಾರೆ. ಬರಿ ಉಗುರುಬೆಚ್ಚಗಿನ ನೀರು ಸಾಕು. ಆಮೇಲೆ ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಟ್ಟು, ಟಾರ್ಚನ್ನು ಗಾಜಿನಿಂದ 5 ಸೆಂ.ಮೀ. ದೂರದಲ್ಲಿ ಓರೆಯಾಗಿ ಹಿಡಿದು ನಿಧಾನ ಸುತ್ತಿಸಿ. ಹಿಡಿಕೆ ಕೂಡುವಲ್ಲಿ, ಕಂಠದಲ್ಲಿ, ಪಾದದ ಅಂಚಿನಲ್ಲಿ ತೆಳು ಬಿಳಿ ಗೆರೆ ಹೊಳೆದರೆ ಮುರಿದು ಅಂಟಿಸಿದ್ದು. ಎಲ್ಲ ಅಂಟೂ ಹೊಳೆಯುವುದಿಲ್ಲ, ಹಾಗಾಗಿ ಅದೇ ಜಾಗದಲ್ಲಿ ಉಗುರನ್ನೂ ಆಡಿಸಿ.

ವಸ್ತುವಿನ ಮೇಲೆ ಅಂಟಿಸಿದ ತಯಾರಕರ ಚೀಟಿಯ ಪರೀಕ್ಷೆಗೂ ಈ ಟಾರ್ಚ್ ಒಳ್ಳೆಯದು. 1930ರ ಮುರಾನೊ (ಗಾಜಿಗೆ ಹೆಸರಾದ, ಇಟಲಿಯ ವೆನಿಸ್ ಬಳಿಯ ದ್ವೀಪ) ಗಾಜು ಎಂದು ಕೊಟ್ಟ ಹೂದಾನಿಯ ಕಾಗದದ ಚೀಟಿ ಫಳಫಳ ನೀಲಿ ಬಿಳುಪು ಹೊಳೆದರೆ ಚೀಟಿ ಆ ಕಾಲದ್ದಲ್ಲ. ಕಾಗದಕ್ಕೆ ಆ ಬಿಳುಪುಕಾರಕ ಬೆರೆಸುವ ರೂಢಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಆದರೆ ಕಾರ್ಖಾನೆಯ ಬದಲು ಕಲಾವಿದರು ತಮ್ಮ ಸ್ವಂತ ಕುಲುಮೆಯಲ್ಲಿ ಗಾಜು ಊದುವ ಸ್ಟುಡಿಯೋ ಗಾಜಿನ ಚಳವಳಿ ಅಮೆರಿಕದ ಟೊಲೀಡೊದಲ್ಲಿ ಹಾರ್ವೆ ಲಿಟಲ್‌ಟನ್ ನಡೆಸಿದ ಕಾರ್ಯಾಗಾರಗಳಿಂದ ಶುರುವಾದದ್ದೇ 1962ರಲ್ಲಿ. ಮಾಲ್ಟಾದ ಮಡೀನಾ ಗ್ಲಾಸ್ ಎಂಬ ಸ್ಟುಡಿಯೋ 1968ರದು. ಅಂಥ ವಸ್ತುಗಳ ಚೀಟಿ ಹೊಳೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಗಾಜು ಹೊಳೆಯಿತು ಎಂದ ಮಾತ್ರಕ್ಕೆ ಹಣ ಎಣಿಸಬೇಡಿ. ಯುರೇನಿಯಂ ಗಾಜನ್ನು ಈಗಲೂ ಮಾಡುತ್ತಾರೆ. ಹಳದಿ, ಕೇಸರಿ ಗಾಜು ಕಿತ್ತಳೆಯಾಗಿ ಹೊಳೆಯುವುದು ಹೆಚ್ಚಾಗಿ ಕ್ಯಾಡ್ಮಿಯಂನಿಂದ. ಅದು ಹೊಸದರಲ್ಲೂ ಇರುತ್ತದೆ. ವಯಸ್ಸು ತಿಳಿಯಲು ವಸ್ತುವನ್ನು ಬೋರಲು ಹಾಕಿ ಮಾಮೂಲಿ ಬಿಳಿ ಬೆಳಕು, 10 ಪಟ್ಟಿನ ಮಸೂರ ಹಿಡಿಯಿರಿ. ತಳದ ನಡುವೆ ಕೆಲಸ ಮಾಡುವಾಗ ಗಾಜನ್ನು ಹಿಡಿದಿದ್ದ ಕಬ್ಬಿಣದ ಸರಳಿನಿಂದ ಮುರಿದು ಬಿಡಿಸಿದ ಒರಟು ಗುರುತೋ, ಅದನ್ನು ಉಜ್ಜಿ ನುಣುಪು ಮಾಡಿದ ತಗ್ಗೋ ಇದ್ದರೆ ಕೈಕೆಲಸದ ಲಕ್ಷಣ. ವರ್ಷಗಟ್ಟಲೆ ಮೇಜಿನ ಮೇಲಿದ್ದ ತಳದ ಗೀರುಗಳು ಅಡ್ಡಾದಿಡ್ಡಿ ಹರಿದಿರುತ್ತವೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ ಮರಳು ಕಾಗದದ ಕೆಲಸವೇ ಇರಬೇಕು.

ಟಾರ್ಚಿಗೆ ಸಿಗದ ಇನ್ನೊಂದು ದೋಷ ನಮ್ಮ ಮಳೆನಾಡಿನಲ್ಲಿ ಬಹಳ. ಹೂದಾನಿಯಲ್ಲಿ ನೀರು ನಿಂತು, ಇಲ್ಲವೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನಲ್ಲಿ ತೇವಕ್ಕೆ ಸಿಕ್ಕಿ ಗಾಜಿನ ಕ್ಷಾರ ಹೊರಬಂದು ಒಳಮೈ ಮಂಜಾಗುತ್ತದೆ. ಒದ್ದೆಯಾದಾಗ ಮಾಯ, ಒಣಗಿದರೆ ಮತ್ತೆ ಹಾಜರ್. ಮಾರುವವರು ಒಳಗೆ ಎಣ್ಣೆ ಸವರಿ ಮರೆಮಾಚುವುದುಂಟು; ಟಿಶ್ಯೂ ತುರುಕಿ ಒರೆಸಿ, ಜಿಡ್ಡು ಹತ್ತಿದರೆ ಬಿಟ್ಟುಬಿಡಿ. ವಿನೆಗರ್‌ನಲ್ಲಿ ನೆನೆಸಿದರೆ ಸುಣ್ಣದ ಕಲೆ ಹೋಗುತ್ತದೆ, ಈ ಮಂಜು ಹೋಗುವುದಿಲ್ಲ.

ಟಾರ್ಚ್ ಹಿಡಿದಾಗ ಯುವಿ ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ ಹಾಕಲೇಬೇಕು; ನುಣುಪು ಗಾಜಿನಿಂದ ಬೆಳಕು ಕಣ್ಣಿಗೇ ಮರಳುತ್ತದೆ. ಸತತ ಉರಿಸಿದರೆ ಟಾರ್ಚಿನ ಮುಂಭಾಗ ಬಿಸಿಯಾಗುತ್ತದೆ, ನಡುನಡುವೆ ಆಫ್ ಮಾಡಿ. ಮಳೆಗಾಲದಲ್ಲಿ ಬಳಸದಿದ್ದರೆ ಸೆಲ್ ತೆಗೆದಿಡಿ, ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ.