ಐಸ್‌ಲ್ಯಾಂಡಿನ ಹಿಮನದಿ ಟೂರ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಅಕ್ಟೋಬರ್ ಮೊದಲ ವಾರ ಐಸ್‌ಲ್ಯಾಂಡಿಗೆ ಹೋಗಿ ಬಲಗೈ ಮಣಿಕಟ್ಟು ಮುರಿದುಕೊಂಡು ಬಂದೆ. ಪ್ಲಾಸ್ಟರ್ ಬಿಚ್ಚಿ ಒಂದು ವಾರವಾಯಿತು, ಈಗ ಟೈಪ್ ಮಾಡಲು ಆಗುತ್ತಿದೆ. ನಮ್ಮ ಕಡೆಯವರು ಈಚೆಗೆ ಅಲ್ಲಿಗೆ ಬಹಳ ಹೋಗುತ್ತಿದ್ದಾರೆ, ನಾವು ಮಾಡಿದಂಥದ್ದೇ ಒಂದು ದಿನದ ಟೂರನ್ನು ಬುಕ್ ಮಾಡುತ್ತಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅಕ್ಕ ಭಾವ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ. ನಾನು ಮೈಸೂರಿನಿಂದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಾಡಿಸಿಕೊಂಡು ಹೋಗಿದ್ದೆ. ಮೂವರೂ ಸೇರಿ ಐಸ್‌ಲ್ಯಾಂಡಿಗೆ ಹೋದೆವು. ಬುಕ್ ಮಾಡಿದ ಟೂರ್ ಹೀಗಿತ್ತು: ರಾಜಧಾನಿ ರೇಕ್ಯಾವಿಕ್‌ನಿಂದ ಬೆಳಗ್ಗೆ ಹೊರಟು ದಕ್ಷಿಣ ಕರಾವಳಿಯ ಸೆಲ್ಯಾಲಾಂಡ್ಸ್‌ಫಾಸ್, ಸ್ಕೋಗಾಫಾಸ್ ಜಲಪಾತಗಳು, ಸೋಲ್‌ಹೈಮಯೋಕುಲ್ ಹಿಮನದಿಯ ಮೇಲೆ ನಡಿಗೆ, ಆಮೇಲೆ ರೇನಿಸ್‌ಫ್ಯಾರಾದ ಕಪ್ಪು ಮರಳಿನ ಕಡಲತೀರ, ರಾತ್ರಿ ವಾಪಸ್. ಬೇರೆಯವರಿಗಿಂತ ದರ ಕಡಿಮೆ ಇತ್ತು. ಒಬ್ಬ ಗೈಡ್‌ಗೆ 12 ಜನ, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತದೆ ಎಂದೂ ಬರೆದಿದ್ದರು.

ಬಸ್ ಬಂದದ್ದು ಹೇಳಿದ ಹೊತ್ತಿಗಿಂತ 50 ನಿಮಿಷ ತಡವಾಗಿ. ಬಸ್ಸಿನ ಮೇಲೆ ಬೇರೆಯೇ ಕಂಪನಿಯ ಹೆಸರು. ನಾವು ದುಡ್ಡು ಕಟ್ಟಿದ್ದು ಟಿಕೆಟ್ ಮಾರುವವರಿಗೆ, ಕರೆದುಕೊಂಡು ಹೋಗುವವರು ಇನ್ಯಾರೋ. ಇದು ನಮಗೆ ಆಗಲೇ ಗೊತ್ತಾದದ್ದು.

ಜಲಪಾತಗಳ ಬಗ್ಗೆ ದೂರಿಲ್ಲ. ಎರಡೂ ಸುಮಾರು 60 ಮೀಟರ್ ಎತ್ತರದವು. ಸೆಲ್ಯಾಲಾಂಡ್ಸ್‌ಫಾಸ್‌ನಲ್ಲಂತೂ ಧುಮುಕುವ ನೀರಿನ ಹಿಂದೆಯೇ ನಡೆದು ಬರಬಹುದು. ಆದರೆ ಒಂದೊಂದು ಕಡೆ 20 ನಿಮಿಷಕ್ಕೇ ಹಾರ್ನ್ ಹೊಡೆದು ಕರೆದರು. ಬೆಳಗ್ಗೆ ತಡವಾದದ್ದನ್ನೆಲ್ಲ ನಮ್ಮ ಸಮಯದಿಂದಲೇ ಕತ್ತರಿಸುತ್ತಿದ್ದಾರೆ ಎಂದು ಅಲ್ಲೇ ಅನ್ನಿಸಿತು.

ಹಿಮನದಿಯ ಪಾರ್ಕಿಂಗಿನಲ್ಲಿ ನಮಗಾಗಿ ನಿಂತಿದ್ದದ್ದು ಒಬ್ಬನೇ ಗೈಡ್, ನಾವು 19 ಜನ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬ ಬರಬೇಕಿತ್ತಂತೆ, ಬಂದಿರಲಿಲ್ಲ. ಹೆಲ್ಮೆಟ್, ಹಿಮಗೊಡಲಿ, ಕ್ರಾಂಪನ್ ಕೊಟ್ಟರು. ಕ್ರಾಂಪನ್ ಎಂದರೆ ಶೂ ಅಡಿಗೆ ಪಟ್ಟಿಯಿಂದ ಬಿಗಿಯುವ ಉಕ್ಕಿನ ಮುಳ್ಳುಗಳು. ನನ್ನ ಅಳತೆಯ ಬೂಟು ಖಾಲಿಯಾಗಿತ್ತು. ಸಾಮಾನು ಹಂಚುತ್ತಿದ್ದವನು ನನ್ನ ರನ್ನಿಂಗ್ ಶೂ ನೋಡಿ "ಪರವಾಗಿಲ್ಲ, ಇದೇ ಸಾಕು" ಎಂದ.

ಸಾಕಾಗುವುದಿಲ್ಲ. ಕ್ರಾಂಪನ್ ಗಟ್ಟಿಯಾಗಿ ಕೂರಬೇಕಾದರೆ ಅಡಿ ಬಾಗದಂಥ, ಹರಡು ಮುಚ್ಚುವ ಬೂಟೇ ಬೇಕು. ರನ್ನಿಂಗ್ ಶೂ ಹೆಜ್ಜೆಹೆಜ್ಜೆಗೂ ಮಡಚುತ್ತದೆ, ಮಡಚಿದಂತೆಲ್ಲ ಪಟ್ಟಿ ಸಡಿಲವಾಗುತ್ತದೆ. ಕುಮಾರಪರ್ವತ ಹತ್ತಿ ಇಳಿದವನು ನಾನು, ಕಾಲಿಗೆ ಸರಿಯಾಗಿಲ್ಲ ಅಂತ ಕಟ್ಟಿಕೊಂಡ ಕೂಡಲೇ ತಿಳಿಯಿತು. ಆದರೂ 18 ಜನ ಕಾಯುತ್ತಿದ್ದಾರೆ ಎಂದು ಸುಮ್ಮನಾದೆ.

ಪಾರ್ಕಿಂಗಿನಿಂದ ಹಿಮದ ಅಂಚಿಗೇ ಅರ್ಧ ಗಂಟೆ ನಡೆಯಬೇಕು. ಹಿಮನದಿ ಹಿಂದೆ ಸರಿಯುತ್ತಾ ಹೋಗಿ ಮುಂದೆ ದೊಡ್ಡ ಕೆರೆ ಆಗಿದೆ, ಅದನ್ನು ಬಳಸಿಕೊಂಡು ಹೋಗಬೇಕು. "ಮೂರು ಗಂಟೆ" ಎಂದು ಹಾಕಿದ್ದರಲ್ಲಿ ಇದೆಲ್ಲ ಸೇರಿದೆ, ಹಿಮದ ಮೇಲೆ ನಡೆಯುವುದು ಒಂದು ಗಂಟೆಯಷ್ಟೇ. ಆ ಹಿಮ ಬಿಳಿ ಅಲ್ಲ. ಮೇಲಿರುವ ಮಿರ್ದಾಲ್ಸ್‌ಯೋಕುಲ್ ಹಿಮರಾಶಿಯ ಅಡಿಯಲ್ಲಿ ಕಟ್ಲಾ ಜ್ವಾಲಾಮುಖಿ ಇದೆ. 1918ರಲ್ಲಿ ಅದು ದೊಡ್ಡದಾಗಿ ಸಿಡಿದಿತ್ತು. ಹಳೆಯ ಸ್ಫೋಟಗಳ ಬೂದಿ ಹಿಮದೊಳಗೆ ಕಪ್ಪು ಪಟ್ಟೆಪಟ್ಟೆಯಾಗಿ ಕೂತಿದೆ. ಕಾಲಡಿ ಎಲ್ಲೋ ಆಳದಲ್ಲಿ ನೀರು ಹರಿಯುವ ಸದ್ದು ಕೇಳುತ್ತಿರುತ್ತದೆ. ಅಷ್ಟು ಚೆಂದದ ಜಾಗ, ನೋಡಲೇಬೇಕು. ನಾನು ಬೇಡ ಎನ್ನುತ್ತಿರುವುದು ಈ ಥರ ಹೋಗುವುದನ್ನು.

ಇಳಿಜಾರಿನಲ್ಲಿ ಎಡಗಾಲಿನ ಹಿಮ್ಮಡಿ ಪಟ್ಟಿ ಕಳಚಿದ್ದು ಗೊತ್ತಾಯಿತು. ಗೈಡ್ ಸಾಲಿನ ಮುಂದೆ, ನಾನು ಕಟ್ಟಕಡೆಯಿಂದ ಮೂರನೆಯವನು. ಕೂಗಿದೆ, ಗಾಳಿಗೆ ಕೇಳಿಸಲಿಲ್ಲ. ಮುಂದಿನ ಹೆಜ್ಜೆಗೆ ಕ್ರಾಂಪನ್ ಅಡ್ಡ ತಿರುಗಿತು, ಜಾರಿದೆ, ಬಲಗೈ ಊರಿದೆ. ಅಲ್ಲಿನ ಹಿಮದ ಮೇಲ್ಮೈ ಒಡೆದ ಗಾಜಿನ ಹರಳಿನ ಹಾಗೆ. ಅಂಗೈ ತೊಗಲು ಸುಲಿದು ಗಾಯಕ್ಕೆಲ್ಲ ಕಪ್ಪು ಬೂದಿ ಮೆತ್ತಿಕೊಂಡಿತ್ತು. ಹತ್ತು ಅಡಿ ಕೆಳಗಿದ್ದ ಬಿರುಕಿಗೆ ಮುಟ್ಟುವ ಮೊದಲೇ ಭಾವ ಜಾಕೆಟ್ ಹಿಡಿದು ನಿಲ್ಲಿಸಿದರು.

ಗೈಡ್ ಓಡಿಬಂದು ಕೈಗೆ ಪಟ್ಟಿ ಕಟ್ಟಿದ. ಬಸ್ ಮಾತ್ರ ತನ್ನ ಪಾಡಿಗೆ ಮುಂದಕ್ಕೇ ಹೋಯಿತು. ನಾವೇ ಅಲ್ಲಿನ ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಬೇಕಿತ್ತು, ನೋವಿನಲ್ಲಿ ತೋಚಲಿಲ್ಲ.

ರೇನಿಸ್‌ಫ್ಯಾರಾದಲ್ಲಿ ಡ್ರೈವರ್ ಹೇಳಿದ್ದು "30 ನಿಮಿಷ" ಎಂಬ ಒಂದೇ ಮಾತು. ಆ ತೀರದಲ್ಲಿ ಅಲೆಗಳು ಜನರನ್ನು ಎಳೆದುಕೊಂಡು ಹೋಗಿ ಕೊಂದಿವೆ, ಒಂದೆರಡು ಸಲ ಅಲ್ಲ. ಎದುರಿಗೆ ತೆರೆದ ಅಟ್ಲಾಂಟಿಕ್, ನಡುವೆ ತಡೆಯುವಂಥದ್ದು ಏನೂ ಇಲ್ಲ. ಹತ್ತು ಅಲೆ ಮೆತ್ತಗೆ ಬಂದು ಹೋಗುತ್ತವೆ, ಹನ್ನೊಂದನೆಯದು ಅದಕ್ಕಿಂತ ಎಷ್ಟೋ ಮೇಲೆ ನುಗ್ಗಿಬರುತ್ತದೆ. ದಾರಿಯಲ್ಲೇ ಎಚ್ಚರಿಕೆಯ ಫಲಕ, ದೀಪ ಇವೆ. ಕೆಂಪು ಇದ್ದರೆ ತೀರಕ್ಕೆ ಇಳಿಯಲೇಬಾರದು. ಇದನ್ನು ಬಸ್ಸಿನಲ್ಲಿ ಯಾರೂ ಹೇಳಲಿಲ್ಲ. ಮಲ್ಪೆ, ಮುರ್ಡೇಶ್ವರದಲ್ಲಿ ಕಾಲು ತೋಯಿಸಿಕೊಂಡು ಬೆಳೆದವರು ನಾವು. ಅಕ್ಕ ಕಂಬಕಂಬದ ಬಸಾಲ್ಟ್ ಬಂಡೆಯ ಮುಂದೆ, ನೀರಿಗೆ ಬೆನ್ನು ಹಾಕಿ ಫೋಟೋಗೆ ನಿಂತಿದ್ದಳು. ಅಲೆ ಸೊಂಟದವರೆಗೆ ಬಂತು. ವಾಪಸ್ ಎಳೆಯುವಾಗ ಕಾಲಡಿಯ ಮರಳೇ ಜರುಗಿ ಮಂಡಿಯೂರಿ ಬಿದ್ದಳು. ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮರು ತೋಳು ಹಿಡಿದೆಳೆದರು. ಬಸ್ಸಿಗೆ ಬಂದವಳು ಹಲ್ಲು ಕಟಕಟಿಸುತ್ತಾ ನನ್ನ ಪಕ್ಕ ಕೂತು, ರೇಕ್ಯಾವಿಕ್ ಬರುವವರೆಗೂ ಮಾತಾಡಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ವೀಸಾಗೆಂದು ಮಾಡಿಸಿದ್ದ ವಿಮೆಯವರು ದುಡ್ಡು ಕೊಡಲಿಲ್ಲ. ಹಗ್ಗ ಅಥವಾ ಗೈಡ್ ಬೇಕಾಗುವ ಪರ್ವತಾರೋಹಣಕ್ಕೆ ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಪಾಲಿಸಿಯಲ್ಲಿತ್ತು. ವೀಸಾಗೆ ಬೇಕಾದ 30,000 ಯೂರೋ ಎಂಬ ಮೊತ್ತ ಒಂದನ್ನೇ ನೋಡಿ ತೆಗೆದುಕೊಂಡಿದ್ದೆ. ನೀವು ವಿಮೆ ಮಾಡಿಸುವಾಗ "ಹಿಮನದಿ ನಡಿಗೆ ಸೇರುತ್ತದೆಯೇ" ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಟೂರ್ ನಡೆಸುವ ಕಂಪನಿ ಯಾವುದು, ಆ ದಿನ ಎಷ್ಟು ಗೈಡ್, ಹಿಮದ ಮೇಲೆ ನಿಜಕ್ಕೂ ಎಷ್ಟು ಹೊತ್ತು, ಇದನ್ನೂ ಹಾಗೇ ಕೇಳಿ. ಹರಡು ಮುಚ್ಚುವ ಬೂಟು ಇಲ್ಲಿಂದಲೇ ಒಯ್ಯಿರಿ. ಹೊಂದದ ಬೂಟಿನಲ್ಲಿ ಹಿಮ ಹತ್ತಿಸಲು ಬಂದರೆ ಎಷ್ಟೇ ಜನ ಕಾಯುತ್ತಿರಲಿ, ಬರುವುದಿಲ್ಲ ಎಂದು ಹೇಳಿ ಅಲ್ಲೇ ಕೂತುಬಿಡಿ. ಆಗುವುದಾದರೆ ಹಿಮನದಿಗೇ ಒಂದು ದಿನ, ಕರಾವಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಟಿಕೆಟ್ ಮಾರಿದವರಿಗೆ ಬರೆದರೆ ಬಸ್ಸಿನವರನ್ನು ಕೇಳಿ ಎನ್ನುತ್ತಾರೆ. ಬಸ್ಸಿನವರು, ಟಿಕೆಟ್ ಎಲ್ಲಿ ತೆಗೆದುಕೊಂಡಿರೋ ಅಲ್ಲೇ ಕೇಳಿ ಎನ್ನುತ್ತಾರೆ. ನಿನ್ನೆಗೆ ಏಳನೆಯ ಇಮೇಲ್ ಕಳಿಸಿದ್ದೇನೆ.